ಬಿಚ್ಚುವ ಮುನ್ನ ಅಳೆಯಿರಿ: ಮೂರು ತಾಲ್ಲೂಕುಗಳ ಗ್ಯಾರೇಜುಗಳಿಗೆ ಒಂದು ಬಹಿರಂಗ ಪತ್ರ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಎಲ್ಲ ಮೋಟಾರು ಮೆಕ್ಯಾನಿಕರಿಗೆ, ಆಟೋ ಎಲೆಕ್ಟ್ರಿಷಿಯನ್ನರಿಗೆ ಮತ್ತು ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಯುವಕರಿಗೆ,



ಹತ್ತಾರು ಬೇರೆಬೇರೆ ದೋಷಗಳು ‘ಕಾರು ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಲಕ್ಷಣವಾಗಿ ಹೊರಗೆ ಕಾಣಿಸಿಕೊಳ್ಳುವುದರಿಂದ, ರಿಪೇರಿ ಕೆಲಸದಲ್ಲಿ ಊಹೆಗೆ ಅತಿ ಹೆಚ್ಚು ಅವಕಾಶ ಸಿಗುವುದೂ, ಊಹೆ ತಪ್ಪಿದಾಗ ವಾಹನದ ಮಾಲೀಕ ಬೇಡದ ಬಿಡಿಭಾಗಕ್ಕೆ ಹಣ ತೆರುವುದೂ ಈ ಒಂದು ದೂರಿನಲ್ಲೇ. ಬ್ಯಾಟರಿ ಹೋಗಿದೆ ಎಂದು ಹೊಸದನ್ನು ಕೂರಿಸಿ, ಕೆಲವು ದಿನ ಕಳೆದು ಅದೂ ಡೌನ್ ಆದಾಗ ಸೆಲ್ಫ್ ಮೋಟಾರು ಬಿಚ್ಚಿ, ಅದೂ ಸರಿಯಿದೆ ಎಂದಾಗ ಡೈನಮೋ ಬಿಚ್ಚಿ, ಕಟ್ಟಕಡೆಗೆ ಇಂಜಿನ್ನಿನ ಅರ್ಥ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿದ್ದದ್ದು ಕಣ್ಣಿಗೆ ಬೀಳುವ ಪ್ರಸಂಗಗಳು ಯಾವ ಊರಿನ ಗ್ಯಾರೇಜಿಗೂ ಹೊಸವಲ್ಲ. ಬಿಚ್ಚುವ ಮುನ್ನ ಅಳೆಯಬೇಕು, ಅಳತೆ ಬೊಟ್ಟು ಮಾಡಿ ತೋರಿಸಿದ ಭಾಗವನ್ನಷ್ಟೇ ಬಿಚ್ಚಬೇಕು ಎಂಬ ಒಂದು ಕೋರಿಕೆಯನ್ನು ಈ ಮೂರು ತಾಲ್ಲೂಕುಗಳ ಕುಶಲಕರ್ಮಿಗಳ ಮುಂದಿಡುವುದು ಈ ಪತ್ರದ ಉದ್ದೇಶ.

ಈ ಕೋರಿಕೆಗೆ ಈ ಸೀಮೆಯಲ್ಲಿ ವಿಶೇಷವಾದ ತೂಕವಿದೆ. ಕಾರು ಕಂಪನಿಗಳ ದೊಡ್ಡ ಸರ್ವಿಸ್ ಕೇಂದ್ರಗಳು ಬಹುಪಾಲು ಚಿಕ್ಕಮಗಳೂರು ಮತ್ತು ಶಿವಮೊಗ್ಗಗಳಲ್ಲಿವೆ. ಕಡೂರಿನಿಂದ ಚಿಕ್ಕಮಗಳೂರಿಗೂ ತರೀಕೆರೆಯಿಂದ ಶಿವಮೊಗ್ಗಕ್ಕೂ ಹೆಚ್ಚುಕಡಿಮೆ 40 ಕಿಲೋಮೀಟರು ದೂರವಾದ್ದರಿಂದ, ಓಡುವ ಕಾರಿಗೆ ಅದು ಒಂದು ಗಂಟೆಯ ದಾರಿಯಾದರೂ ಓಡದ ಕಾರಿಗೆ ಎಳೆದೊಯ್ಯುವ ಬಾಡಿಗೆಯೇ ರಿಪೇರಿಗಿಂತ ದುಬಾರಿಯಾಗಬಹುದು. ಬೆಂಗಳೂರು–ಹೊನ್ನಾವರ ರಸ್ತೆಯ ಬದಿಯಲ್ಲಿ ಕಡೂರು, ಬೀರೂರು, ತರೀಕೆರೆಗಳ ಉದ್ದಕ್ಕೂ ಇರುವ ಸಣ್ಣ ಗ್ಯಾರೇಜುಗಳ ಮೇಲೆ, ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿದ್ದು ಈಗ ಸ್ವತಃ ತಾಲ್ಲೂಕಾಗಿರುವ ಅಜ್ಜಂಪುರದ ಒಂದೊಂದು ವರ್ಕ್‌ಶಾಪಿನ ಮೇಲೆ, ಹೀಗಾಗಿ ದೊಡ್ಡ ಹೊಣೆ ಬಿದ್ದಿದೆ. ಹಗಲೂ ರಾತ್ರಿ ಆ ಹೊಣೆಯನ್ನು ಹೊತ್ತವರ ಕೈಗುಣದ ಬಗ್ಗೆ ಇಲ್ಲಿ ಯಾವ ಅನುಮಾನವೂ ಇಲ್ಲ. ಆ ಕೈಗುಣಕ್ಕೆ ಅಳತೆಯ ಆಸರೆ ಸಿಗಲಿ ಎಂಬುದಷ್ಟೇ ಆಶಯ.

ಕಾರಿನ ಬಾನೆಟ್ ತೆರೆಯುವುದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ, ಕೀಲಿ ತಿರುಗಿಸಿದಾಗ ಇಂಜಿನ್ ಸುತ್ತುತ್ತದೆಯೋ ಇಲ್ಲವೋ ಎಂಬುದು. ಇಂಜಿನ್ ಸುತ್ತದೇ ಇದ್ದರೆ ದೋಷ ಬ್ಯಾಟರಿ, ಅದರ ತಂತಿಗಳು, ಸೆಲ್ಫ್ ಮತ್ತು ಸೆಲ್ಫಿಗೆ ಅಪ್ಪಣೆ ಕೊಡುವ ಸ್ವಿಚ್ಚು–ರಿಲೇಗಳ ವಲಯದಲ್ಲಿದೆ. ಚೆನ್ನಾಗಿ ಸುತ್ತಿಯೂ ಹತ್ತದಿದ್ದರೆ ದೋಷ ಇಂಧನ, ಕಿಡಿ, ಕಂಪ್ರೆಶನ್ ಅಥವಾ ಇವನ್ನು ನಡೆಸುವ ಕಂಪ್ಯೂಟರಿನ ವಲಯದಲ್ಲಿದೆ. ಮೊದಲನೆಯ ವಲಯದ ಕಾರಿಗೆ ಪ್ಲಗ್ ಬಿಚ್ಚುವುದೂ ಎರಡನೆಯ ವಲಯದ ಕಾರಿಗೆ ಬ್ಯಾಟರಿ ಬದಲಿಸುವುದೂ ವ್ಯರ್ಥ ಶ್ರಮವೆಂದು ಹೇಳಬೇಕಾಗಿಲ್ಲ, ಆದರೂ ಫೋನಿನಲ್ಲಿ ‘ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಮಾತು ಕೇಳಿದ ಕೂಡಲೇ ಹೊಸ ಬ್ಯಾಟರಿಯನ್ನು ಬೈಕಿನ ಮೇಲಿಟ್ಟುಕೊಂಡು ಹೊರಡುವ ರೂಢಿ ಇದ್ದೇ ಇದೆ. ಆಟೋಮ್ಯಾಟಿಕ್ ಗೇರಿನ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ, ಇತ್ತೀಚಿನ ಹಲವು ಕಾರುಗಳಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತದಿದ್ದರೆ, ಸೆಲ್ಫ್ ತಿರುಗದಂತೆ ತಯಾರಕರೇ ಏರ್ಪಾಡು ಮಾಡಿರುತ್ತಾರೆ ಎಂಬುದನ್ನು ಆ ಫೋನಿನಲ್ಲೇ ವಿಚಾರಿಸಿದರೆ ಕೆಲವು ಪ್ರಯಾಣಗಳೇ ಉಳಿಯುತ್ತವೆ.

ಸೆಲ್ಫ್ ಎಂದು ಎಲ್ಲರೂ ಕರೆಯುವ ಸ್ಟಾರ್ಟರ್ ಮೋಟಾರು, ಬ್ಯಾಟರಿಯ ವಿದ್ಯುತ್ತಿನಿಂದ ತಿರುಗಿ, ತನ್ನ ಪುಟ್ಟ ಹಲ್ಲುಚಕ್ರವನ್ನು ಫ್ಲೈವೀಲಿನ ಹಲ್ಲಿಗೆ ಕಚ್ಚಿಸಿ, ಇಂಜಿನ್ ತಾನಾಗಿ ಓಡತೊಡಗುವವರೆಗೆ ಅದನ್ನು ಸುತ್ತಿಸುವ ಯಂತ್ರ. ಹ್ಯಾಂಡಲ್ ಹಾಕಿ ಕೈಯಿಂದ ಇಂಜಿನ್ ತಿರುಗಿಸುತ್ತಿದ್ದ ಕಾಲದಲ್ಲಿ ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಚಾಲಕರ ಕೈ ಮುರಿಯುತ್ತಿದ್ದುದುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಅಪಾಯ ಕ್ರಮೇಣ ಮರೆಯಾಯಿತು. ಕೆಲವೇ ಸೆಕೆಂಡು ದುಡಿದು ಸುಮ್ಮನಾಗುವುದಾದರೆ ಸಣ್ಣ ಮೋಟಾರು ಕೂಡ ತನ್ನ ಅಳವಿಗೆ ಮೀರಿದ ಹೊರೆಯನ್ನು ತಾಳಿಕೊಳ್ಳಬಲ್ಲದು ಎಂಬುದು ಕೆಟರಿಂಗ್ ಕಂಡುಕೊಂಡ ಉಪಾಯವಾಗಿತ್ತು, ಮತ್ತು ಇಂದಿಗೂ ಪ್ರತಿ ಸೆಲ್ಫಿನ ಬಲವೂ ಮಿತಿಯೂ ಅದೇ: ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆದರೆ ಒಳಗಿನ ಸುರುಳಿ ಮತ್ತು ಕಾರ್ಬನ್ ಬ್ರಶ್ಶುಗಳು ಸುಡುವ ಹಂತಕ್ಕೆ ಬರುವುದರಿಂದ, ಪ್ರತಿ ಸಲವೂ ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದ ಬಿಡುವು ಬೇಕು. ಕಾರು ಹತ್ತಲಿಲ್ಲವೆಂದು ಮಾಲೀಕರು ಬೇಸರದಿಂದ ಹೊಡೆದೇ ಹೊಡೆದ ಸೆಲ್ಫು, ಗ್ಯಾರೇಜು ತಲುಪುವಷ್ಟರಲ್ಲಿ ಮೂಲ ದೋಷಕ್ಕೆ ಎರಡನೆಯ ದೋಷವನ್ನು ಸೇರಿಸಿರುತ್ತದೆ.

ಇಂಜಿನ್ ಸುತ್ತದ ಕಾರಿನ ವಿಷಯದಲ್ಲಿ ಅತ್ಯಂತ ಹೆಚ್ಚು ದಾರಿ ತಪ್ಪಿಸುವ ಮಾತು, ‘ಲೈಟು ಜೋರಾಗಿ ಉರಿಯುತ್ತದೆ, ಹಾರನ್ ಹೊಡೆಯುತ್ತದೆ, ಆದ್ದರಿಂದ ಬ್ಯಾಟರಿಯೂ ವೈರಿಂಗೂ ಸರಿಯಿವೆ, ಸೆಲ್ಫೇ ಹೋಗಿದೆ’ ಎಂಬುದು. ಈ ತೀರ್ಮಾನ ಯಾಕೆ ನಿಲ್ಲುವುದಿಲ್ಲವೆಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. 55 ವಾಟಿನ ಎರಡು ಹೆಡ್‌ಲೈಟುಗಳು ಒಟ್ಟು ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆದರೆ, ಸಣ್ಣ ಪೆಟ್ರೋಲ್ ಕಾರಿನ ಸೆಲ್ಫು ಇಂಜಿನ್ ಸುತ್ತಿಸುವಾಗ 100ರಿಂದ 150 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಇಂಜಿನ್ನಿನದು ಇನ್ನೂ ಹೆಚ್ಚು. ಬ್ಯಾಟರಿಯ ಸೀಸದ ಕಂಬಕ್ಕೂ ಅದನ್ನು ಅಪ್ಪಿಕೊಂಡ ಟರ್ಮಿನಲ್ ಕ್ಲ್ಯಾಂಪಿಗೂ ನಡುವೆ ಕಪ್ಪು ಪೊರೆ ಕಟ್ಟಿಕೊಂಡು, ಅಲ್ಲಿ ಒಂದು ಓಮ್‌ನ ಐವತ್ತನೆಯ ಒಂದು ಭಾಗದಷ್ಟು, ಎಂದರೆ 0.02 ಓಮ್‌ನಷ್ಟು, ತಡೆ ಉಂಟಾಗಿದೆ ಎಂದಿಟ್ಟುಕೊಂಡರೆ, 9 ಆಂಪಿಯರ್ ಹರಿಯುವಾಗ ಆ ಜಾಗದಲ್ಲಿ ಕಳೆದುಹೋಗುವುದು 0.18 ವೋಲ್ಟು ಮಾತ್ರ. ದೀಪಕ್ಕೆ ಅದರ ಪರಿವೆಯೇ ಇರುವುದಿಲ್ಲ. ಅದೇ ಜಾಗದಲ್ಲಿ 150 ಆಂಪಿಯರ್ ಹರಿಯಬೇಕಾದಾಗ ಕಳೆದುಹೋಗುವುದು 3 ವೋಲ್ಟು. 12 ವೋಲ್ಟಿನ ವ್ಯವಸ್ಥೆಯಲ್ಲಿ 3 ವೋಲ್ಟು ದಾರಿಯಲ್ಲೇ ಸೋರಿದರೆ ಸೆಲ್ಫಿಗೆ ತಲುಪುವ ಬಲ ಸಾಲದೆ, ಸಾಲಿನಾಯ್ಡು, ಎಂದರೆ ಸೆಲ್ಫಿನ ಬೆನ್ನ ಮೇಲಿರುವ ಅಯಸ್ಕಾಂತದ ಸ್ವಿಚ್ಚು, ‘ಟಕ್’ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ದೀಪ ಉರಿಯುತ್ತಿದೆ, ಸೆಲ್ಫು ಸತ್ತಂತೆ ಕಾಣುತ್ತಿದೆ, ಎರಡೂ ನಿಜ. ಆದರೆ ದೋಷವಿರುವುದು ಕ್ಲ್ಯಾಂಪಿನ ಒಳಮೈಯಲ್ಲಿ.

ಈ ಸೋರಿಕೆಗೆ ವೋಲ್ಟೇಜ್ ಡ್ರಾಪ್ ಎಂದು ಹೆಸರು, ಮತ್ತು ಅದನ್ನು ಹಿಡಿಯಲು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮೀಟರು ಸಾಕು. ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯ ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬದ ಸೀಸಕ್ಕೇ ಚುಚ್ಚಿ ಹಿಡಿದು, ಕಪ್ಪು ಕಡ್ಡಿಯನ್ನು ಅದೇ ಕಂಬಕ್ಕೆ ಬಿಗಿದ ಕ್ಲ್ಯಾಂಪಿಗೆ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ, ಮೀಟರಿನಲ್ಲಿ ಬಹುತೇಕ ಸೊನ್ನೆಯೇ ಕಾಣಬೇಕು. ಅಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ಎದ್ದು ಕುಳಿತರೆ ಮುಂದಿನ ಯಾವ ಭಾಗವನ್ನೂ ಮುಟ್ಟದೆ ಮೊದಲು ಆ ಕ್ಲ್ಯಾಂಪನ್ನು ಬಿಚ್ಚಿ, ಕಂಬದ ಸುತ್ತ ಮತ್ತು ಕ್ಲ್ಯಾಂಪಿನ ಒಳಗೆ ಲೋಹ ಹೊಳೆಯುವವರೆಗೆ ಉಜ್ಜಿ, ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡ ಕರಗಿಸಿದ ಬಿಸಿನೀರಿನಿಂದ ತೊಳೆದು ಒರಸಿ, ಮತ್ತೆ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಇದೇ ಕ್ರಮದಲ್ಲಿ ಮೀಟರಿನ ಕಡ್ಡಿಗಳನ್ನು ಪ್ಲಸ್ ಕಂಬಕ್ಕೂ ಸೆಲ್ಫಿನ ದಪ್ಪ ಬೋಲ್ಟಿಗೂ, ಆಮೇಲೆ ಮೈನಸ್ ಕಂಬಕ್ಕೂ ಇಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ನೋಡಿದರೆ, ಪ್ಲಸ್ ದಾರಿಯಲ್ಲಿ ಅರ್ಧ ವೋಲ್ಟಿಗಿಂತ, ಅರ್ಥ್ ದಾರಿಯಲ್ಲಿ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಕಂಡ ಕಡೆ ದೋಷವಿದೆ ಎಂದು ನಿಶ್ಚಯಿಸಬಹುದು. ಅರ್ಥ್ ದಾರಿ ಎಂದರೆ ಬ್ಯಾಟರಿಯ ಮೈನಸ್ಸಿನಿಂದ ಕಾರಿನ ದೇಹಕ್ಕೂ ದೇಹದಿಂದ ಇಂಜಿನ್ನಿಗೂ ಇರುವ ಹೆಣೆದ ತಾಮ್ರದ ಪಟ್ಟಿಗಳು. ಇಂಜಿನ್ ರಬ್ಬರಿನ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ ಈ ಪಟ್ಟಿ ಇಲ್ಲದೆ ವಿದ್ಯುತ್ತು ಹಿಂದಿರುಗಲು ಸರಿಯಾದ ದಾರಿಯಿಲ್ಲ, ಡೈನಮೋ ಕೂಡ ಇದೇ ದಾರಿಯಿಂದ ಬ್ಯಾಟರಿಗೆ ಚಾರ್ಜು ತುಂಬುವುದರಿಂದ ಈ ಒಂದು ಬೋಲ್ಟು ತುಕ್ಕು ಹಿಡಿದರೆ ಬ್ಯಾಟರಿ, ಡೈನಮೋ, ಸೆಲ್ಫ್ ಮೂರೂ ಕೆಟ್ಟಂತೆ ಕಾಣುತ್ತವೆ. ಮಳೆ–ಕೆಸರು ಹೆಚ್ಚಿರುವ ಲಿಂಗದಹಳ್ಳಿ, ಲಕ್ಕವಳ್ಳಿ, ಕೆಮ್ಮಣ್ಣುಗುಂಡಿ ಕಡೆಯ ವಾಹನಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಬ್ಯಾಟರಿಯನ್ನೇ ಅಳೆಯುವುದು ಇದಕ್ಕಿಂತ ಸುಲಭ. ಕಾರು ಕೆಲವು ಗಂಟೆ ನಿಂತ ಮೇಲೆ ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಎಂದರೆ ಬರಿದಾಗುವ ಹಂತ. ಚಾರ್ಜಿರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ, ಇಲ್ಲವೇ ಸೆಲ್ಫು ಬಿಗಿದುಕೊಂಡು ಅತಿಯಾಗಿ ಎಳೆಯುತ್ತಿದೆ. ಸೆಲ್ಫ್ ಹೊಡೆದರೂ 12.6 ಕದಲದೇ ನಿಂತರೆ ಕರೆಂಟೇ ಹರಿಯುತ್ತಿಲ್ಲವೆಂದು ಅರ್ಥವಾದ್ದರಿಂದ ಬ್ಯಾಟರಿಯ ಮೇಲಿನ ಅನುಮಾನ ಬಿಟ್ಟು ಕೀಲಿಯ ಸ್ವಿಚ್ಚು, ರಿಲೇ, ಫ್ಯೂಸು, ಸಾಲಿನಾಯ್ಡಿನ ತೆಳು ತಂತಿ ಇವನ್ನು ಹುಡುಕಬೇಕು. ಇಂಜಿನ್ ಓಡುವಾಗ 13.8ರಿಂದ 14.4 ವೋಲ್ಟು ಬಂದರೆ ಡೈನಮೋ ಸರಿಯಿದೆ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟನ್ನು ಏರಿಸಿ ಇಳಿಸುತ್ತದೆಂಬುದನ್ನು ಮಾತ್ರ ಗಮನದಲ್ಲಿಡಬೇಕು.

ತೋಟದ ಮನೆಗಳ ಕಾರುಗಳ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ, ಯಾಕೆಂದರೆ ಈ ಸೀಮೆಯ ಬ್ಯಾಟರಿಗಳು ಸಾಯುವುದು ಓಡಿ ಅಲ್ಲ, ನಿಂತು. ಮಕ್ಕಳು ಬೆಂಗಳೂರಿನಲ್ಲಿ, ಕಾರು ತೆಂಗಿನ ತೋಟದ ಶೆಡ್ಡಿನಲ್ಲಿ. ಮದುವೆಗೋ ಆಸ್ಪತ್ರೆಗೋ ತಿಂಗಳಿಗೊಮ್ಮೆ ಅದು ಹೊರಬೀಳುತ್ತದೆ. ಬೀಗ ಹಾಕಿ ನಿಂತ ಕಾರು ಕೂಡ ಗಡಿಯಾರ, ಸೈರನ್ನು, ಕಂಪ್ಯೂಟರಿನ ನೆನಪು ಇವುಗಳಿಗಾಗಿ ಸುಮಾರು 25 ಮಿಲಿಆಂಪಿಯರ್ ಎಳೆಯುತ್ತಿದ್ದರೆ, ದಿನಕ್ಕೆ 0.6 ಆಂಪಿಯರ್–ಗಂಟೆಯಂತೆ ಒಂದು ತಿಂಗಳಲ್ಲಿ 18 ಆಂಪಿಯರ್–ಗಂಟೆ ಖರ್ಚಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್–ಗಂಟೆಯ ಬ್ಯಾಟರಿಗೆ ಅದು ಅರ್ಧ. ಅದರ ಮೇಲೆ ನೇರವಾಗಿ ಬ್ಯಾಟರಿಗೆ ಕೊಟ್ಟ ಜಿ.ಪಿ.ಎಸ್. ಅಥವಾ ಮ್ಯೂಸಿಕ್ ಸಿಸ್ಟಮ್ಮು ಇದ್ದರೆ ತಿಂಗಳೂ ಹಿಡಿಯುವುದಿಲ್ಲ. ಹೀಗೆ ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂತು ಚಾರ್ಜನ್ನು ಹಿಡಿಯುವ ಶಕ್ತಿ ಕುಂದುತ್ತದೆ, ಕಡೂರು ಕಡೆಯ ಬಯಲಿನ ಬೇಸಿಗೆಯ ಬಿಸಿ ಅದರ ಆಯಸ್ಸನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಇಂಥ ಬ್ಯಾಟರಿಯನ್ನು ಕಂಡ ಕೂಡಲೇ ‘ಹೋಗಿದೆ’ ಎನ್ನದೆ, ಬೆಂಚಿನ ಮೇಲಿಟ್ಟು ನಿಧಾನಗತಿಯಲ್ಲಿ ಒಂದು ರಾತ್ರಿ ಚಾರ್ಜು ಮಾಡಿ, ಒಂದು ದಿನ ಬಿಟ್ಟು ಮತ್ತೆ ಅಳೆದು ಆಮೇಲೆ ತೀರ್ಪು ಕೊಡುವುದು ನ್ಯಾಯ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಮೈನಸ್ ತಂತಿಯನ್ನು ಕಳಚಿಡುವಂತೆ ಆ ಮನೆಯ ಹಿರಿಯರಿಗೆ ತೋರಿಸಿಕೊಟ್ಟರೆ, ಗ್ಯಾರೇಜಿಗೆ ಒಂದು ಬ್ಯಾಟರಿಯ ವ್ಯಾಪಾರ ತಪ್ಪಬಹುದು, ಆ ಮನೆಯ ವಿಶ್ವಾಸ ಮಾತ್ರ ಕಾಯಂ ಆಗಿ ಉಳಿಯುತ್ತದೆ.

ಅದೇ ಶೆಡ್ಡುಗಳಲ್ಲಿ ಇನ್ನೊಂದು ಶತ್ರುವಿದೆ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಮೂಲೆಯಲ್ಲಿ ರಾಶಿ ಹಾಕಿದ ಅಡಿಕೆ ಸಿಪ್ಪೆ, ಈರುಳ್ಳಿ ಮೂಟೆ ಇದ್ದ ಕಡೆ ಇಲಿ–ಹೆಗ್ಗಣ ಇದ್ದೇ ಇರುತ್ತವೆ, ಮತ್ತು ಬಿಸಿ ಇಂಜಿನ್ನಿನ ಆಸುಪಾಸು ಅವುಗಳಿಗೆ ಬೆಚ್ಚಗಿನ ಗೂಡಾಗುತ್ತದೆ. ಅಲ್ಲಿ ಅವು ಕಡಿದ ತಂತಿ ಹೊರಗಿನ ಸುತ್ತುಪಟ್ಟಿಯ ಒಳಗೆ ಅಡಗಿರುವುದರಿಂದ ಮೇಲ್ನೋಟಕ್ಕೆ ಕಾಣದೆ ಹೋಗಬಹುದು. ಇಂಜಿನ್ ಮೇಲೆ ಹಿಕ್ಕೆ, ನಾರು, ಸಿಪ್ಪೆಯ ಚೂರು ಕಂಡರೆ ಸುತ್ತುಪಟ್ಟಿಯನ್ನು ಬಿಡಿಸಿ ನೋಡುವುದೇ ಸರಿ. ಕತ್ತರಿಸಿದ ಎಳೆಗಳನ್ನು ಹೊಸೆದು ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲವನ್ನೂ ದಾಟುವುದಿಲ್ಲವಾದ್ದರಿಂದ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ತೊಡಿಸುವುದು, ಎಂದರೆ ಬಿಸಿ ತಾಗಿಸಿದಾಗ ಕುಗ್ಗಿ ತಂತಿಗೆ ಅಂಟಿಕೊಳ್ಳುವ ಕೊಳವೆಯನ್ನು ಹಾಕುವುದು, ನೆಚ್ಚಬಹುದಾದ ರೀತಿ.

ಇಂಜಿನ್ ಸುತ್ತಿಯೂ ಹತ್ತದ ಕಾರಿನಲ್ಲಿ ಮೊದಲು ಕಿವಿ, ಕಣ್ಣು, ಆಮೇಲೆ ಸ್ಕ್ಯಾನರು. ಕೀಲಿ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪೆಟ್ರೋಲ್ ಪಂಪಿನ ಗುಂಯ್‌ಗುಡುವಿಕೆ ಕೇಳದಿದ್ದರೆ ಅದರ ಫ್ಯೂಸು–ರಿಲೇ ನೋಡಬೇಕು. ಇಮ್ಮೊಬಿಲೈಸರ್ ದೀಪ, ಎಂದರೆ ಕೀಲಿಯ ಒಳಗಿನ ಗುರುತು ಚಿಪ್ಪನ್ನು ಕಾರು ಗುರುತಿಸಿತೋ ಇಲ್ಲವೋ ಎಂದು ಹೇಳುವ ದೀಪ, ಮಿನುಗುತ್ತಲೇ ಇದ್ದರೆ ಮನೆಯಲ್ಲಿರುವ ಎರಡನೆಯ ಕೀಲಿಯನ್ನು ತರಿಸಿ ನೋಡಬೇಕು. ಸೆಲ್ಫ್ ಹೊಡೆಯುವಾಗ ಆರ್.ಪಿ.ಎಂ. ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರಿನ ಸಂಕೇತ ಕಂಪ್ಯೂಟರಿಗೆ ತಲುಪುತ್ತಿಲ್ಲವೆಂದು ಅನುಮಾನಿಸಬಹುದು; ಪಿಸ್ಟನ್ನು ಎಲ್ಲಿದೆ ಎಂದು ತಿಳಿಸುವ ಆ ಸೆನ್ಸರಿಲ್ಲದೆ ಬಹುತೇಕ ಕಾರುಗಳಲ್ಲಿ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಸ್ಕ್ಯಾನರು ಇಂಥ ಕಡೆ ಪಿ0335 ಎಂಬ ಕೋಡು ತೋರಿಸುತ್ತದೆ, ಮತ್ತು ಇಲ್ಲಿಯೇ ಹಲವರು ಎಡವುತ್ತಾರೆ. ಆ ಕೋಡು ದೂರುವುದು ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟನ್ನು, ಎಂದರೆ ಸೆನ್ಸರು, ಅದರ ಸಾಕೆಟ್ಟು, ಅಲ್ಲಿಂದ ಕಂಪ್ಯೂಟರಿನವರೆಗಿನ ತಂತಿ ಎಲ್ಲವನ್ನೂ. ಇಲಿ ಕಡಿದ ತಂತಿಯೂ ಅದೇ ಕೋಡನ್ನೇ ತರುತ್ತದೆ. ಹೊಸ ಸೆನ್ಸರು ತರಿಸುವ ಮೊದಲು ತಂತಿಯ ಎರಡೂ ತುದಿಗೆ ಮೀಟರು ಹಿಡಿದು ನೋಡಲು ಬೇಕಾಗುವ ಕಾಲ ಐದು ನಿಮಿಷ. ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಂಥ ತಂತಿಗಳಿಗೆ ಚುಚ್ಚಬಾರದು, ಅದು ಎಳೆಯುವ ಕರೆಂಟನ್ನು ಕಂಪ್ಯೂಟರಿನ ಸೂಕ್ಷ್ಮ ಭಾಗಗಳು ತಾಳದಿರಬಹುದು.

ಪೆಟ್ರೋಲಿನ ಗುಣದ ಬಗ್ಗೆ ಒಂದು ಮಾತು ಸಾಕು: ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ್ದು, ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ಕ್ಯಾನುಗಳಲ್ಲಿ ತಿಂಗಳುಗಟ್ಟಲೆ ಇಟ್ಟ ಇಂಧನವನ್ನು ನೆಚ್ಚಬಾರದು. ತರಕಾರಿ–ಕಾಯಿ ಸಾಗಿಸುವ ಡೀಸೆಲ್ ಪಿಕಪ್ಪುಗಳಲ್ಲಿ ಟ್ಯಾಂಕು ಬರಿದಾಗಿ ಲೈನಿಗೆ ಗಾಳಿ ಹೊಕ್ಕಿರುವುದು, ಫಿಲ್ಟರಿನ ತಳದಲ್ಲಿ ನೀರು ನಿಂತಿರುವುದು, ಚಳಿಗಾಲದ ಬೆಳಗಿನಲ್ಲಿ ಗ್ಲೋ ಪ್ಲಗ್ಗು, ಎಂದರೆ ಸಿಲಿಂಡರನ್ನು ಮೊದಲೇ ಬಿಸಿ ಮಾಡುವ ಪುಟ್ಟ ಹೀಟರು, ಕೆಲಸ ಮಾಡದಿರುವುದು ಈ ಮೂರು ಕಾರಣಗಳು ಮುಖ್ಯ. ಇವುಗಳಲ್ಲಿ ಈ ಸೀಮೆಯ ಹಿರಿಯ ಮೆಕ್ಯಾನಿಕರಿಗೆ ಹೇಳಿಕೊಡುವಂಥದ್ದು ಏನೂ ಇಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ತಯಾರಿಸಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಮೈಕೋ ಕಂಪನಿಯ ಪಂಪುಗಳನ್ನು ಕೇವಲ ಸದ್ದಿನಿಂದ ಪರೀಕ್ಷಿಸುತ್ತಿದ್ದ ತಲೆಮಾರು ಅದು. ಆದರೆ ಆ ಪಂಪಿನ ಕಾಲದ ಒಂದು ಅಭ್ಯಾಸವನ್ನು ಕಾಮನ್ ರೇಲ್ ಡೀಸೆಲ್ಲಿನಲ್ಲಿ ಬಿಡಲೇಬೇಕು: ಇಂಜಿನ್ ಸುತ್ತಿಸುತ್ತ ಇಂಜೆಕ್ಟರಿನ ಪೈಪು ಸಡಿಲಿಸಿ ಗಾಳಿ ತೆಗೆಯುವುದು. ಅಲ್ಲಿನ ಒತ್ತಡ ಸಾವಿರಕ್ಕೂ ಹೆಚ್ಚು ಬಾರ್‌ವರೆಗೆ ಏರುವಂಥದ್ದು, ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ಸೆಲ್ಫ್ ಹೊಡೆಯಲೇಬಾರದ ಎರಡು ಸಂದರ್ಭಗಳನ್ನು ಕಲಿಯುವ ಹುಡುಗರಿಗೆ ಮೊದಲ ವಾರದಲ್ಲೇ ಹೇಳಿಕೊಡಬೇಕು. ಹಳ್ಳದ ನೀರಿನಲ್ಲಿ ನಿಂತುಹೋದ ಕಾರಿನ ಸಿಲಿಂಡರಿಗೆ ನೀರು ಹೊಕ್ಕಿದ್ದರೆ, ನೀರು ಗಾಳಿಯಂತೆ ಕುಗ್ಗದಿರುವುದರಿಂದ ಸೆಲ್ಫ್ ಹೊಡೆದ ಕೂಡಲೇ ಕನೆಕ್ಟಿಂಗ್ ರಾಡು ಬಗ್ಗಿ ಇಂಜಿನ್ನೇ ಹಾಳಾಗುತ್ತದೆ. ಪ್ಲಗ್ಗು ಬಿಚ್ಚಿ ನೀರು ಹೊರಹಾಕಿದ ಮೇಲಷ್ಟೇ ಮುಂದಿನ ಮಾತು. ಓಡುತ್ತಿದ್ದಾಗಲೇ ಆಫ್ ಆದ ಇಂಜಿನ್ ಯಾವ ಬಿಗುವೂ ಇಲ್ಲದೆ ಹಗುರವಾಗಿ ಗಿರ್ರನೆ ಸುತ್ತತೊಡಗಿದರೆ ಟೈಮಿಂಗ್ ಬೆಲ್ಟು ಹರಿದಿರುವ ಸಂಭವವಿದ್ದು, ಮತ್ತೆ ಮತ್ತೆ ಸುತ್ತಿಸಿದಷ್ಟೂ ವಾಲ್ವು ಪಿಸ್ಟನ್ನಿಗೆ ಬಡಿಯುವ ಅಪಾಯ ಹೆಚ್ಚುತ್ತದೆ. ಇದರ ಜೊತೆಗೆ ತಿಳಿದಿರಬೇಕಾದದ್ದು: ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ಪ್ಲಸ್ಸಿಗೆ ಪ್ಲಸ್ಸು ಮೊದಲು, ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್ಸು, ಕಟ್ಟಕಡೆಯ ತುದಿ ಕೆಟ್ಟ ಕಾರಿನ ಬ್ಯಾಟರಿಗಲ್ಲದೆ ಅದರಿಂದ ದೂರವಿರುವ ಇಂಜಿನ್ನಿನ ಲೋಹಕ್ಕೆ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ಸಾಕು, ಮುಖದ ಮೇಲೆ ಆಸಿಡ್ ಸಿಡಿಯುತ್ತದೆ. ತಳ್ಳಿ ಸ್ಟಾರ್ಟ್ ಮಾಡುವುದು ಆಟೋಮ್ಯಾಟಿಕ್ ಕಾರಿಗೆ ಸಲ್ಲದು. ಇತರ ಪೆಟ್ರೋಲ್ ಕಾರುಗಳಲ್ಲೂ ಪದೇ ಪದೇ ತಳ್ಳಿದರೆ ಉರಿಯದ ಇಂಧನ ಸೈಲೆನ್ಸರಿನ ದಾರಿಯ ಕೆಟಲಿಟಿಕ್ ಕನ್ವರ್ಟರಿಗೆ ಸೇರಿ ಅದು ಕೆಡುತ್ತದೆ.

ಇಷ್ಟೆಲ್ಲ ಅಳತೆಗೆ ಕೂಲಿ ಕೇಳುವುದು ಹೇಗೆಂಬ ಪ್ರಶ್ನೆ ಗ್ಯಾರೇಜಿನವರದು, ಅದು ನ್ಯಾಯವಾದ ಪ್ರಶ್ನೆ. ಬಿಡಿಭಾಗಕ್ಕೆ ಹಣ ಕೊಡುವ ಮಾಲೀಕರು ಪತ್ತೆಗೆ ಹಣ ಕೊಡಲು ಹಿಂಜರಿಯುತ್ತಾರೆ, ಆದ್ದರಿಂದಲೇ ಬಿಡಿಭಾಗ ಬದಲಿಸುವ ಪ್ರಲೋಭನೆ ಬೆಳೆದಿದೆ. ಟರ್ಮಿನಲ್ ಉಜ್ಜಿ ಕಾರು ಓಡಿಸಿಕೊಟ್ಟವರಿಗೆ ‘ಇಷ್ಟೇ ತಾನೇ’ ಎಂದು ಐವತ್ತು ರೂಪಾಯಿ ಕೈಗಿಟ್ಟು ಹೋಗುವ ವಾಹನ ಮಾಲೀಕರೂ ಈ ಪತ್ರವನ್ನು ಓದುತ್ತಿದ್ದರೆ, ಆ ಪತ್ತೆಯಿಂದ ತಮಗೆ ಉಳಿದದ್ದು ನಾಲ್ಕಾರು ಸಾವಿರ ರೂಪಾಯಿಯ ಬ್ಯಾಟರಿ ಎಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು. ತಯಾರಕರ ವೈರಿಂಗ್ ನಕ್ಷೆ ಸಣ್ಣ ಗ್ಯಾರೇಜಿಗೆ ಸಿಗುವುದಿಲ್ಲವೆಂಬ ಕೊರಗು ಕೂಡ ನಿಜ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರಂದು ತೆರೆದ ಪೋರ್ಟಲ್ಲಿನಲ್ಲಿ ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣಗಳ ಜೊತೆಗೆ ವಾಹನಗಳನ್ನೂ ಸೇರಿಸಿದೆ. ಮೂರು ತಾಲ್ಲೂಕಿನ ಗ್ಯಾರೇಜಿನವರು ಒಟ್ಟಾಗಿ, ತಮಗೆ ಬೇಕಾದ ನಕ್ಷೆಗಳ ಪಟ್ಟಿ ಮಾಡಿ, ಆ ದಾರಿಯಲ್ಲಿ ತಯಾರಕರನ್ನು ಕೇಳುವುದಕ್ಕೆ ಇದು ಸರಿಯಾದ ಕಾಲ.

ಆರಂಭಕ್ಕೆ ಒಂದು ನೋಟ್‌ಬುಕ್ಕು ಸಾಕು. ಸ್ಟಾರ್ಟ್ ಆಗದ ಪ್ರತಿ ಕಾರಿಗೆ ಒಂದು ಸಾಲು: ನಿಂತಾಗಿನ ವೋಲ್ಟು, ಸೆಲ್ಫ್ ಹೊಡೆಯುವಾಗಿನ ವೋಲ್ಟು, ಪ್ಲಸ್ ದಾರಿಯ ಸೋರಿಕೆ, ಅರ್ಥ್ ದಾರಿಯ ಸೋರಿಕೆ, ಚಾರ್ಜಿಂಗ್ ವೋಲ್ಟು, ಕಡೆಗೆ ಸಿಕ್ಕ ದೋಷ. ಅದೇ ಐದು ಅಂಕಿಗಳನ್ನು ಬಿಲ್ಲಿನ ಹಿಂಬದಿಗೂ ಬರೆದು, ಬದಲಿಸಿದ ಹಳೆಯ ಭಾಗವನ್ನು ಮಾಲೀಕರ ಕೈಗೇ ಕೊಟ್ಟರೆ, ಆ ಕಾರು ಮುಂದಿನ ಸಲ ಬೇರೆ ಗ್ಯಾರೇಜಿಗೆ ಹೋದಾಗಲೂ ಅಲ್ಲಿನವರು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.

ಇಂತಿ,
ಈ ಮೂರು ತಾಲ್ಲೂಕುಗಳ ಗ್ಯಾರೇಜುಗಳನ್ನು ನೆಚ್ಚಿಕೊಂಡಿರುವ ವಾಹನ ಬಳಕೆದಾರರ ಪರವಾಗಿ